ಮೊದಲ ಮನೆ, ತಡವಾಗಿ ಬರುವ ನೆರವು

ಕರ್ನಾಟಕದಲ್ಲಿ 35 ಲಕ್ಷ ರೂಪಾಯಿಯ ಹೊಸ ಫ್ಲ್ಯಾಟ್ ಕೊಳ್ಳುವ ಮಧ್ಯಮ ವರ್ಗದ ಕುಟುಂಬವೊಂದಕ್ಕೆ ಕೇಂದ್ರ ಸರ್ಕಾರ ಕೊಡುವ ಬಡ್ಡಿ ಸಹಾಯಧನ ಹೆಚ್ಚೆಂದರೆ 1.80 ಲಕ್ಷ ರೂಪಾಯಿ. ಅದು ಒಟ್ಟಿಗೆ ಬರುವುದಿಲ್ಲ, ವರ್ಷಕ್ಕೆ 36,000ದಂತೆ ಐದು ಕಂತುಗಳಲ್ಲಿ ಬರುತ್ತದೆ. 2025ರ ಆಗಸ್ಟ್ 31ರಿಂದ ರಾಜ್ಯ ಸರ್ಕಾರ ಆಸ್ತಿ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಅದೇ ಫ್ಲ್ಯಾಟಿಗೆ ಈ ಒಂದು ಏರಿಕೆಯಿಂದ ಬಿದ್ದ ಹೊರೆ 35,000 ರೂಪಾಯಿ. ದೆಹಲಿ ಒಂದು ವರ್ಷಕ್ಕೆ ಕೊಡುವ ಮೊತ್ತವನ್ನು ಬೆಂಗಳೂರು ಉಪನೋಂದಣಿ ಕಚೇರಿಯಲ್ಲಿ ಒಂದೇ ಬೆಳಿಗ್ಗೆ ತೆಗೆದುಕೊಂಡುಬಿಡುತ್ತದೆ.

ಇದರಲ್ಲಿ ಯಾರ ಕುತಂತ್ರವೂ ಇಲ್ಲ. ವಸತಿ ಇಲಾಖೆಯ ಕಡತದಲ್ಲಿ ಆ ಕುಟುಂಬ ಫಲಾನುಭವಿ, ಕಂದಾಯ ಇಲಾಖೆಯ ಕಡತದಲ್ಲಿ ವರಮಾನದ ಮೂಲ. ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಮನೆ ಕೊಳ್ಳುವವರು ಮಾತ್ರ. ಮೊದಲ ಮನೆಗೆ ನೆರವು ಎಂಬ ಹೆಸರಿನಲ್ಲಿ ದೇಶದಲ್ಲಿ ಹತ್ತು ವರ್ಷಗಳಿಂದ ನಡೆದಿರುವ ಯೋಜನೆಗಳನ್ನು ಹಾಗೆ ಒಟ್ಟಿಗೆ ಇಟ್ಟು ನೋಡಿದರೆ ಒಂದು ದೋಷ ಎದ್ದು ಕಾಣುತ್ತದೆ. ಕುಟುಂಬ ಎಡವುವುದು ಮೊದಲ ದಿನ ಕೈಯಿಂದ ಹಾಕಬೇಕಾದ ಹಣದ ಬಳಿ. ನೆರವು ಬರುವುದು ಸಾಲ ಸಿಕ್ಕು, ಕ್ರಯಪತ್ರವಾಗಿ, ಕಂತು ಕಟ್ಟಲು ಶುರುವಾದ ಮೇಲೆ.

ದೊಡ್ಡದಾಗಿದ್ದ ಸಹಾಯಧನ ಚಿಕ್ಕದಾದ ಬಗೆ

ನಗರ ಪ್ರದೇಶದ ಪ್ರಧಾನಮಂತ್ರಿ ಆವಾಸ್ ಯೋಜನೆ ಆರಂಭವಾದದ್ದು 2015ರ ಜೂನ್ 25ರಂದು. ಬಡವರಿಗೆ ಮನೆ ಕಟ್ಟಿಸಿಕೊಡುವ, ಸ್ವಂತ ನಿವೇಶನದಲ್ಲಿ ಕಟ್ಟಿಕೊಳ್ಳಲು ಹಣ ಕೊಡುವ ಭಾಗಗಳ ಜೊತೆಗೆ ಅದರಲ್ಲಿ ಸಾಲಕ್ಕೆ ಜೋಡಿಸಿದ ಸಹಾಯಧನವೂ ಇತ್ತು. ವರ್ಷಕ್ಕೆ 6 ಲಕ್ಷದವರೆಗೆ ಆದಾಯವಿರುವವರಿಗೆ ಸಾಲದ ಮೊದಲ 6 ಲಕ್ಷಕ್ಕೆ ಶೇ 6.5ರ ಬಡ್ಡಿ ನೆರವು. 20 ವರ್ಷದ ಆ ಲಾಭವನ್ನೆಲ್ಲ ಇಂದಿನ ಮೌಲ್ಯಕ್ಕೆ ಇಳಿಸಿ, ಸುಮಾರು 2.67 ಲಕ್ಷ ರೂಪಾಯಿಯವರೆಗೆ ಒಂದೇ ಸಲ ಸಾಲದ ಖಾತೆಗೆ ಜಮೆ ಮಾಡುತ್ತಿದ್ದರು. 2017ರಲ್ಲಿ ಮಧ್ಯಮ ವರ್ಗವೂ ಸೇರಿಕೊಂಡಿತು. 12 ಲಕ್ಷದವರೆಗಿನ ಆದಾಯಕ್ಕೆ ಸುಮಾರು 2.35 ಲಕ್ಷ, 18 ಲಕ್ಷದವರೆಗಿನ ಆದಾಯಕ್ಕೆ ಸುಮಾರು 2.30 ಲಕ್ಷ. ಮಧ್ಯಮ ವರ್ಗದ ಭಾಗ 2021ರ ಮಾರ್ಚ್ 31ಕ್ಕೆ, ಉಳಿದದ್ದು 2022ರ ಮಾರ್ಚ್ 31ಕ್ಕೆ ಮುಗಿಯಿತು. ಅಷ್ಟರಲ್ಲಿ ಸುಮಾರು 25 ಲಕ್ಷ ಕುಟುಂಬಗಳು ಇದರ ಲಾಭ ಪಡೆದಿದ್ದವು.

ಆಮೇಲೆ ಎರಡೂವರೆ ವರ್ಷ ಏನೂ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಎರಡನೇ ಆವೃತ್ತಿಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷದಲ್ಲಿ ನಗರಗಳ ಒಂದು ಕೋಟಿ ಕುಟುಂಬಗಳಿಗೆ ನೆರವು, ಅದಕ್ಕಾಗಿ ಸರ್ಕಾರದ ಕಡೆಯಿಂದ 2.30 ಲಕ್ಷ ಕೋಟಿ ರೂಪಾಯಿ ಎಂಬುದು ಘೋಷಣೆ. ಇದರಲ್ಲಿಯೂ ಬಡ್ಡಿ ಸಹಾಯಧನ ಉಳಿಯಿತು, ಆದರೆ ಮೈಕಟ್ಟು ಸಣ್ಣದಾಯಿತು. ಆದಾಯದ ಗಡಿ 18 ಲಕ್ಷದಿಂದ 9 ಲಕ್ಷಕ್ಕೆ ಇಳಿಯಿತು. ಮನೆಯ ಮೌಲ್ಯ 35 ಲಕ್ಷ ಮೀರುವಂತಿಲ್ಲ, ಸಾಲ 25 ಲಕ್ಷ ಮೀರುವಂತಿಲ್ಲ, ಮನೆಯೊಳಗಿನ ವಿಸ್ತೀರ್ಣ 120 ಚದರ ಮೀಟರ್ ಮೀರುವಂತಿಲ್ಲ. 2024ರ ಸೆಪ್ಟೆಂಬರ್ 1ರಿಂದ ಈಚೆಗೆ ಮಂಜೂರಾಗಿ ಕೈಸೇರಿದ ಸಾಲಗಳಿಗೆ ಮಾತ್ರ ಇದು ಅನ್ವಯ. ಸಾಲದ ಮೊದಲ 8 ಲಕ್ಷಕ್ಕೆ, 12 ವರ್ಷದವರೆಗೆ ಶೇ 4ರ ಲೆಕ್ಕ. ಇನ್ನೊಂದು ಷರತ್ತನ್ನು ಅರ್ಜಿ ಹಾಕುವವರು ಹೆಚ್ಚಾಗಿ ಗಮನಿಸುವುದಿಲ್ಲ. ಪ್ರತಿ ಕಂತು ಬಿಡುಗಡೆಯಾಗುವಾಗಲೂ ಸಾಲ ಚಾಲ್ತಿಯಲ್ಲಿರಬೇಕು ಮತ್ತು ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಊರಿನ ಜಮೀನು ಮಾರಿ ಬಂದ ಹಣವನ್ನೆಲ್ಲ ಸಾಲಕ್ಕೆ ಕಟ್ಟಿ ನಿರಾಳವಾಗುವ ಕುಟುಂಬ ಉಳಿದ ಕಂತುಗಳನ್ನು ಕಳೆದುಕೊಳ್ಳುತ್ತದೆ. ಸಾಲ ತೀರಿಸುವ ಶಿಸ್ತಿಗೆ ದಂಡ ಹಾಕುವ ನಿಯಮ ಇದು. ಮನೆ ಮಾರಿಕೊಂಡು ಸಹಾಯಧನ ಜೇಬಿಗಿಳಿಸುವವರನ್ನು ತಡೆಯುವುದು ಉದ್ದೇಶವಿರಬಹುದು, ಬಲೆಗೆ ಬೀಳುವವರಲ್ಲಿ ಪ್ರಾಮಾಣಿಕರೂ ಸೇರುತ್ತಾರೆ.

ಹಾಗೆಂದು ಈ 1.80 ಲಕ್ಷವನ್ನು ಹಗುರವಾಗಿ ಕಾಣಬೇಕಾಗಿಲ್ಲ. 25 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 21,700 ರೂಪಾಯಿ. 20 ವರ್ಷದಲ್ಲಿ ಬಡ್ಡಿಯೊಂದೇ 27 ಲಕ್ಷ ದಾಟುತ್ತದೆ. ಮೊದಲ ಐದು ವರ್ಷ ವರ್ಷಕ್ಕೆ 36,000 ಅಸಲಿಗೆ ಜಮೆಯಾಗಿ, ತಿಂಗಳ ಕಂತನ್ನು ಇಳಿಸದೆ ಹಾಗೆಯೇ ಕಟ್ಟುತ್ತ ಹೋದರೆ ಸಾಲ ಸುಮಾರು ಎರಡೂವರೆ ವರ್ಷ ಮೊದಲೇ ತೀರುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಈ ಲಾಭ ಕೈಗೆ ಹತ್ತುವುದು ಹದಿನೇಳು ಹದಿನೆಂಟು ವರ್ಷಗಳ ನಂತರ, ಮಗು ಎಂಜಿನಿಯರಿಂಗ್ ಮುಗಿಸುವ ಹೊತ್ತಿಗೆ. ಕೊಳ್ಳಬೇಕೋ ಬೇಡವೋ ಎಂದು ಗಂಡಹೆಂಡತಿ ರಾತ್ರಿ ಕುಳಿತು ಲೆಕ್ಕ ಹಾಕುವಾಗ ಇದು ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಮೊದಲ ದಿನದ ಲೆಕ್ಕ

ಆ ರಾತ್ರಿಯ ಲೆಕ್ಕದಲ್ಲಿ ಕಾಣುವುದು ಬೇರೆ ಅಂಕಿಗಳು. 35 ಲಕ್ಷದ ಹೊಸ ಫ್ಲ್ಯಾಟಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 3, ಅಂದರೆ 1,05,000. ಅದರ ಮೇಲೆ ಶೇ 10 ಸೆಸ್, ನಗರದಲ್ಲಾದರೆ ಶೇ 2 ಸರ್ಚಾರ್ಜ್, ಅಲ್ಲಿಗೆ 1,17,600. ನೋಂದಣಿ ಶುಲ್ಕ 70,000. ಕಟ್ಟಡ ಇನ್ನೂ ನಿರ್ಮಾಣದಲ್ಲಿದ್ದರೆ ಶೇ 1 ಜಿಎಸ್‌ಟಿ, 35,000. ಒಟ್ಟು 2,22,600 ರೂಪಾಯಿ. ಐದು ವರ್ಷದಲ್ಲಿ ಬರಲಿರುವ ಪೂರ್ತಿ ಸಹಾಯಧನಕ್ಕಿಂತ ಇದು ಹೆಚ್ಚು ಮತ್ತು ಇದನ್ನು ಕಟ್ಟದೆ ಮನೆ ತಮ್ಮ ಹೆಸರಿಗೆ ಆಗುವುದಿಲ್ಲ.

ಬ್ಯಾಂಕ್ ಇದಕ್ಕೆ ಸಾಲ ಕೊಡುವುದಿಲ್ಲ. ಗೃಹಸಾಲದ ಪ್ರಮಾಣ ಲೆಕ್ಕ ಹಾಕುವಾಗ ಮುದ್ರಾಂಕ ಮತ್ತು ನೋಂದಣಿ ವೆಚ್ಚವನ್ನು ಮನೆಯ ಬೆಲೆಗೆ ಸೇರಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕ್ ನಿಯಮ. 10 ಲಕ್ಷದೊಳಗಿನ ಮನೆಗಳಿಗೆ ಮಾತ್ರ ವಿನಾಯಿತಿ ಇದೆ. ಅಂಥ ಮನೆ ಎಲ್ಲಿದೆ ಎಂದು ಕೇಳಬೇಡಿ.

ಇನ್ನು ಮನೆಯ ಬೆಲೆಯಲ್ಲಿ ಕುಟುಂಬದ ಪಾಲು. ಇಲ್ಲಿ ಯೋಜನೆಯೊಳಗೇ ಒಂದು ವಿಚಿತ್ರ ಅಡಗಿದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶವಿತ್ತಿದೆ. ಆದ್ದರಿಂದ 35 ಲಕ್ಷದ ಮನೆಗೆ ನಿಯಮದ ಪ್ರಕಾರ 30 ಲಕ್ಷ ಸಾಲ ಸಿಗಬಹುದು, ಕೈಯಿಂದ ಹಾಕಬೇಕಾದದ್ದು 5 ಲಕ್ಷ. ಆದರೆ ಸಹಾಯಧನ ಬೇಕೆಂದರೆ ಸಾಲ 25 ಲಕ್ಷಕ್ಕೆ ನಿಲ್ಲಬೇಕು, ಕೈಯಿಂದ 10 ಲಕ್ಷ ಹಾಕಬೇಕು. ಐದು ವರ್ಷದಲ್ಲಿ ಹನಿಹನಿಯಾಗಿ ಬರುವ 1.80 ಲಕ್ಷಕ್ಕಾಗಿ ಇಂದು 5 ಲಕ್ಷ ಹೆಚ್ಚು ತರಬೇಕು ಎಂದಾಯಿತು. ಹಣ ಇರುವವರಿಗೆ ಇದು ಒಳ್ಳೆಯ ವ್ಯವಹಾರ. ಇಲ್ಲದವರ ಹೆಸರಿನಲ್ಲಿ ಯೋಜನೆ ಮಾಡಿದವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದಿತ್ತು.

10 ಲಕ್ಷಕ್ಕೆ ತೆರಿಗೆಗಳ 2.22 ಲಕ್ಷ ಸೇರಿದರೆ 12.22 ಲಕ್ಷ. ತಿಂಗಳಿಗೆ 50,000 ದುಡಿದು, ಮನೆ ಬಾಡಿಗೆ ಕಟ್ಟಿ, 10,000 ಉಳಿಸುವ ಕುಟುಂಬಕ್ಕೆ ಇದು ಹತ್ತು ವರ್ಷದ ಉಳಿತಾಯ. ಅಷ್ಟರಲ್ಲಿ ಮನೆಯ ಬೆಲೆ ನಿಂತಲ್ಲಿಯೇ ನಿಂತಿರುವುದಿಲ್ಲ. ಹಾಗಾಗಿ ಜನ ಚೀಟಿ ಎತ್ತುತ್ತಾರೆ, ಚಿನ್ನ ಅಡವಿಡುತ್ತಾರೆ, ಭಾವನಿಂದ ಕೈಸಾಲ ತರುತ್ತಾರೆ. ಬೆಂಗಳೂರಿನಲ್ಲಿ ಇನ್ನೊಂದು ತೊಡಕೂ ಇದೆ. ಭೋಗ್ಯಕ್ಕೆ ಮನೆ ಹಿಡಿದ ಕುಟುಂಬಗಳ ಜೀವಮಾನದ ಉಳಿತಾಯ ಮನೆ ಮಾಲೀಕರ ಬಳಿ ಇರುತ್ತದೆ. ಕೊಳ್ಳುವ ಮನೆಗೆ ಹಣ ಕಟ್ಟಬೇಕೆಂದರೆ ಇರುವ ಮನೆ ಬಿಡಬೇಕು. ಕೊಂಡ ಮನೆ ಕೈಗೆ ಬರುವುದು ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ. ನಡುವಿನ ಆ ಅವಧಿಗೆ ಬಾಡಿಗೆ ಮನೆ, ಅದಕ್ಕೆ ಮತ್ತೊಂದು ಮುಂಗಡ. ಗೃಹಸಾಲದ ಯಾವ ಸಹಾಯಧನವೂ ಈ ನಡುವಿನ ಅವಧಿಯನ್ನು ಎಣಿಕೆಗೆ ತೆಗೆದುಕೊಂಡಿಲ್ಲ.

ಕದಲದ ಗಡಿಗಳು

35 ಲಕ್ಷ ಎಂಬ ಮಿತಿ ಇಡೀ ದೇಶಕ್ಕೆ ಒಂದೇ. ಹಾಸನಕ್ಕೂ ಅದೇ, ಬೆಂಗಳೂರಿಗೂ ಅದೇ, ಮುಂಬೈಗೂ ಅದೇ. 120 ಚದರ ಮೀಟರ್ ಎಂದರೆ ಸುಮಾರು 1,290 ಚದರಡಿ. ಅಷ್ಟು ದೊಡ್ಡ ಮನೆ 35 ಲಕ್ಷಕ್ಕೆ ಸಿಗಬೇಕಾದರೆ ಚದರಡಿಗೆ 2,700 ರೂಪಾಯಿ ದರವಿರಬೇಕು. ಬೆಂಗಳೂರಿನಲ್ಲಿ ಚದರಡಿಗೆ 6,000 ಎಂದು ಉದಾರವಾಗಿ ಹಿಡಿದರೂ 35 ಲಕ್ಷಕ್ಕೆ ಬರುವುದು 583 ಚದರಡಿ, ಅದರಲ್ಲಿ ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲೂ ಸೇರಿರುತ್ತದೆ. ಯೋಜನೆಯ ವಿಸ್ತೀರ್ಣದ ಗಡಿ ಮತ್ತು ಬೆಲೆಯ ಗಡಿ ಒಂದನ್ನೊಂದು ಮಾತನಾಡಿಸಿಯೇ ಇಲ್ಲ. ಫಲವಾಗಿ, ಮನೆಯ ಕೊರತೆ ಅತಿ ಹೆಚ್ಚು ಕಾಡುವ ಊರಿನಲ್ಲಿಯೇ ಈ ನೆರವಿಗೆ ಅರ್ಹವಾದ ಮನೆ ಅತಿ ಕಡಿಮೆ. ದಾವಣಗೆರೆ, ವಿಜಯಪುರ, ಶಿವಮೊಗ್ಗದಂತಹ ಊರುಗಳಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬರಬಲ್ಲದು, ಅದನ್ನು ಅಲ್ಲಗಳೆಯುವಂತಿಲ್ಲ. ಅಲ್ಲಿ ನಿವೇಶನ ಕೊಂಡು ಕಟ್ಟಿಸುವ ರೂಢಿ ಇನ್ನೂ ಇದೆ, ಯೋಜನೆ ಕಟ್ಟಿಸುವವರಿಗೂ ಅನ್ವಯಿಸುತ್ತದೆ.

ಊರಿಗೆ ತಕ್ಕ ಗಡಿ ಹಾಕುವುದು ಕಷ್ಟವೇನಲ್ಲ. ರಿಸರ್ವ್ ಬ್ಯಾಂಕ್ ಅದನ್ನು ಮಾಡಿ ತೋರಿಸಿದೆ. ಯಾವ ಗೃಹಸಾಲ ಆದ್ಯತಾ ವಲಯದ ಸಾಲ, ಅಂದರೆ ಬ್ಯಾಂಕುಗಳು ಇಂತಿಷ್ಟು ಪಾಲು ಕೊಡಲೇಬೇಕಾದ ಬಗೆಯ ಸಾಲ, ಎನಿಸಿಕೊಳ್ಳುತ್ತದೆ ಎಂಬುದಕ್ಕೆ 2025ರ ಏಪ್ರಿಲ್‌ನಿಂದ ಮೂರು ಹಂತಗಳಿವೆ. 50 ಲಕ್ಷ ಮತ್ತು ಹೆಚ್ಚಿನ ಜನಸಂಖ್ಯೆಯ ನಗರದಲ್ಲಿ 63 ಲಕ್ಷದವರೆಗಿನ ಮನೆ, 10ರಿಂದ 50 ಲಕ್ಷ ಜನಸಂಖ್ಯೆಯ ನಗರದಲ್ಲಿ 57 ಲಕ್ಷದ ಮನೆ, ಉಳಿದೆಡೆ 44 ಲಕ್ಷದ ಮನೆ. ಒಂದೇ ದೇಶದ ಎರಡು ಸಂಸ್ಥೆಗಳಲ್ಲಿ ಒಂದಕ್ಕೆ ಬೆಂಗಳೂರಿನ ಸಾಮಾನ್ಯ ಮನೆ 63 ಲಕ್ಷ, ಇನ್ನೊಂದಕ್ಕೆ 35 ಲಕ್ಷ.

ಜಿಎಸ್‌ಟಿಯ ಗಡಿ ಇನ್ನೂ ಹಳೆಯದು. 2019ರ ಏಪ್ರಿಲ್‌ನಿಂದ ಕೈಗೆಟುಕುವ ಮನೆ ಎಂದರೆ 45 ಲಕ್ಷದೊಳಗಿನದು, ಮಹಾನಗರದಲ್ಲಾದರೆ 60 ಚದರ ಮೀಟರ್ ಒಳಗಿನದು. ಅದಕ್ಕೆ ಶೇ 1 ತೆರಿಗೆ, ಉಳಿದ ಮನೆಗಳಿಗೆ ಶೇ 5. ಕರ್ನಾಟಕವೂ ತನ್ನ ಮುದ್ರಾಂಕ ರಿಯಾಯಿತಿಗೆ ಇದೇ 45 ಲಕ್ಷವನ್ನು ಹಿಡಿದುಕೊಂಡಿತು. 2020ರಲ್ಲಿ 20 ಲಕ್ಷದವರೆಗಿನ ಫ್ಲ್ಯಾಟಿಗೆ ಶೇ 2 ಮತ್ತು 35 ಲಕ್ಷದವರೆಗೆ ಶೇ 3 ಮಾಡಿ, 2021ರಲ್ಲಿ ಶೇ 3ರ ದರವನ್ನು 45 ಲಕ್ಷದವರೆಗೆ ವಿಸ್ತರಿಸಿತು. ಎರಡೂ ರಿಯಾಯಿತಿಗಳು ಒಂದೇ ಅಂಕಿಯ ಬಳಿ ಮುಗಿಯುವುದರಿಂದ ಅಲ್ಲೊಂದು ಪ್ರಪಾತವಿದೆ. ನಿರ್ಮಾಣದಲ್ಲಿರುವ 45 ಲಕ್ಷದ ಫ್ಲ್ಯಾಟಿಗೆ ಜಿಎಸ್‌ಟಿ, ಮುದ್ರಾಂಕ, ಸೆಸ್ ಎಲ್ಲ ಸೇರಿ 1,96,200 ರೂಪಾಯಿ. ಬೆಲೆ 46 ಲಕ್ಷವಾದರೆ ಅದೇ ಲೆಕ್ಕ 4,87,600ಕ್ಕೆ ಜಿಗಿಯುತ್ತದೆ. ಒಂದು ಲಕ್ಷ ಹೆಚ್ಚು ಬೆಲೆಯ ಮನೆಗೆ ಸುಮಾರು ಮೂರು ಲಕ್ಷ ಹೆಚ್ಚು ತೆರಿಗೆ. ಸಿಮೆಂಟ್, ಕಬ್ಬಿಣ, ಜಾಗದ ಬೆಲೆ ಏರಿದಂತೆ ವರ್ಷವರ್ಷವೂ ಒಂದಿಷ್ಟು ಮನೆಗಳು ಈ ಅಂಚನ್ನು ದಾಟುತ್ತವೆ, ಆದರೆ ಅಂಚು ಅಲ್ಲಿಯೇ ಇರುತ್ತದೆ. ಗ್ರಾಮೀಣ ಆವಾಸ್ ಯೋಜನೆಯಲ್ಲಿಯೂ ಇದೇ ಕಥೆ. 2016ರಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿಯಾದ 1.20 ಲಕ್ಷ, 2024ರಲ್ಲಿ ಇನ್ನೂ ಎರಡು ಕೋಟಿ ಮನೆಗಳಿಗೆ ಯೋಜನೆ ವಿಸ್ತರಿಸಿದಾಗಲೂ 1.20 ಲಕ್ಷವೇ.

ಯಾರಿಗೆ ಇದು ಮೊದಲ ಮನೆ?

ಕರ್ನಾಟಕದ ಮುದ್ರಾಂಕ ರಿಯಾಯಿತಿಯ ನಿಯಮವನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅದು ಸಿಗುವುದು ಮೊದಲ ಬಾರಿಗೆ ಮಾರಾಟವಾಗುವ ಫ್ಲ್ಯಾಟಿಗೆ, ಮೊದಲ ಬಾರಿಗೆ ಮನೆ ಕೊಳ್ಳುವ ವ್ಯಕ್ತಿಗಲ್ಲ. ಈಗಾಗಲೇ ನಾಲ್ಕು ಫ್ಲ್ಯಾಟ್ ಇರುವವರು ಐದನೆಯದನ್ನು ಬಾಡಿಗೆಗೆ ಬಿಡಲು ಬಿಲ್ಡರ್‌ನಿಂದ 40 ಲಕ್ಷಕ್ಕೆ ಕೊಂಡರೆ ಶೇ 3. ಜೀವನದಲ್ಲಿ ಒಂದೂ ಮನೆ ಕಾಣದ ಬಸ್ ನಿರ್ವಾಹಕ ಅದೇ ಬೀದಿಯಲ್ಲಿ ಹತ್ತು ವರ್ಷ ಹಳೆಯ ಮನೆಯನ್ನು 30 ಲಕ್ಷಕ್ಕೆ ಕೊಂಡರೆ ಶೇ 5. ಬಡವರು ಕೊಳ್ಳುವುದು ಬಹುಮಟ್ಟಿಗೆ ಹಳೆಯ ಮನೆ, ಸಣ್ಣ ನಿವೇಶನ. ರಿಯಾಯಿತಿ ಇರುವುದು ಬಿಲ್ಡರ್ ಮಾರುವ ಹೊಸ ಫ್ಲ್ಯಾಟಿಗೆ. ಕೈಗೆಟುಕುವ ವಸತಿಗೆ ಉತ್ತೇಜನ ಎಂಬುದು ಅದರ ಘೋಷಿತ ಉದ್ದೇಶ. ಉತ್ತೇಜನ ಸಿಕ್ಕಿದ್ದು ಮಾರುವವರಿಗೆ ಎಂದು ಹೇಳಿದರೆ ಅದು ಕಟುವಾಗಬಹುದು, ಸುಳ್ಳಾಗದು. ಮಹಿಳೆಯರ ಹೆಸರಿನಲ್ಲಿ ಕೊಂಡರೆ ಮಹಾರಾಷ್ಟ್ರ ಶೇ 1, ದೆಹಲಿ ಶೇ 2 ಬಿಡುತ್ತವೆ. ಕರ್ನಾಟಕ ಅದನ್ನೂ ಮಾಡಿಲ್ಲ.

ಕೇಂದ್ರದ ಯೋಜನೆ ವ್ಯಕ್ತಿಯನ್ನು, ಸರಿಯಾಗಿ ಹೇಳಬೇಕೆಂದರೆ ಕುಟುಂಬವನ್ನು, ನೋಡುತ್ತದೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಇವರಲ್ಲಿ ಯಾರ ಹೆಸರಿನಲ್ಲಿಯೂ ದೇಶದ ಯಾವ ಮೂಲೆಯಲ್ಲಿಯೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಯಾವುದೇ ಸರ್ಕಾರಿ ಯೋಜನೆಯಲ್ಲಿ ಮನೆ ಪಡೆದಿರಬಾರದು. ಅಪ್ಪನ ಹೆಸರಿನಲ್ಲಿ ಊರಿನಲ್ಲೊಂದು ಹೆಂಚಿನ ಮನೆ ಇದ್ದರೆ ಮದುವೆಯಾದ ಮಗನಿಗೆ ತೊಂದರೆ ಇಲ್ಲ, ಅದು ಬೇರೆ ಕುಟುಂಬದ ಮನೆ. ಆದರೆ ಅಪ್ಪ ತೀರಿಕೊಂಡು, ಪೌತಿ ಖಾತೆಯಾಗಿ, ನಾಲ್ವರು ಮಕ್ಕಳ ಹೆಸರೂ ಕೂತುಕೊಂಡರೆ? ನಾಲ್ವರೂ ಆ ಮನೆಯ ಸಹಮಾಲೀಕರು. ಯಾರೂ ವಾಸಿಸದ, ಜಂತಿಗೆ ಗೆದ್ದಲು ಹಿಡಿದ ಮನೆಯ ಕಾಲು ಪಾಲು, ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವವನನ್ನು ಕಾಗದದ ಮೇಲೆ ಮನೆಯೊಡೆಯನನ್ನಾಗಿ ಮಾಡಿಬಿಡುತ್ತದೆ. ಹೆಂಡತಿಯ ಕಡೆಯಿಂದಲೂ ಇದೇ ಆಗಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ 1994ರಿಂದ, ದೇಶದಾದ್ಯಂತ 2005ರಿಂದ ಸಮಪಾಲಿದೆ. ನ್ಯಾಯವಾದ ಆ ಹಕ್ಕು ದಾಖಲೆಯಾದ ಮೇಲೆ ಅರ್ಜಿಯಲ್ಲಿ ಮನೆಯಿಲ್ಲ ಎಂದು ಪ್ರಮಾಣ ಮಾಡುವುದು ಹೇಗೆ? ಇಷ್ಟು ಪಾಲಿಗಿಂತ ಕಡಿಮೆಯಿದ್ದರೆ ಪರವಾಗಿಲ್ಲ ಎಂಬ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು.

ಇಂಗ್ಲೆಂಡಿನಲ್ಲಿ ನಿಯಮ ಇದಕ್ಕಿಂತ ಬಿಗಿ. ಅಲ್ಲಿ ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ಮುದ್ರಾಂಕ ತೆರಿಗೆಯಲ್ಲಿ ರಿಯಾಯಿತಿ ಇದೆ, ಆದರೆ ಜಗತ್ತಿನ ಎಲ್ಲಿಯೂ, ಉತ್ತರಾಧಿಕಾರದಿಂದ ಬಂದದ್ದೂ ಸೇರಿದಂತೆ, ಮನೆಯ ಒಡೆತನ ಇದ್ದಿರಬಾರದು. ಮ್ಯಾಂಚೆಸ್ಟರಿನಲ್ಲಿ ಮನೆ ಕೊಳ್ಳಹೊರಟ ಕನ್ನಡಿಗ ದಂಪತಿ ಧಾರವಾಡದ ಹಿರಿಯರ ಮನೆಯ ಪಾಲನ್ನು ಮರೆತು ಅರ್ಜಿ ತುಂಬಿದರೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಅರ್ಹತೆಯ ಬಾಗಿಲು ದಾಟಿದರೂ ಬ್ಯಾಂಕಿನ ಬಾಗಿಲು ಇದೆ. ಯೋಜನೆ ಬಡ್ಡಿಗೆ ನೆರವು ಕೊಡುತ್ತದೆ, ಸಾಲ ಕೊಡಿಸುವುದಿಲ್ಲ. ಹೋಟೆಲಿನ ಅಡುಗೆಯವರು, ಆಟೊ ಚಾಲಕರು, ಗಾರೆ ಮೇಸ್ತ್ರಿಗಳು ತಿಂಗಳಿಗೆ 40,000 ದುಡಿದರೂ ಸಂಬಳದ ಚೀಟಿ ತೋರಿಸಲಾರರು. ಇವರಿಗೆ ಸಾಲ ಕೊಟ್ಟು ನಷ್ಟವಾದರೆ ತುಂಬಿಕೊಡುವ ಖಾತರಿ ನಿಧಿಯನ್ನು ಎರಡನೇ ಆವೃತ್ತಿಯಲ್ಲಿ 1,000 ಕೋಟಿಯಿಂದ 3,000 ಕೋಟಿಗೆ ಏರಿಸಿದ್ದಾರೆ. ಇಡೀ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಸರಿಯಾದ ಜಾಗದಲ್ಲಿ ಬಿದ್ದ ಹಣ ಇದು ಅನಿಸುತ್ತದೆ. ಆದರೆ ಇದರ ಬಗ್ಗೆ ಜಾಹೀರಾತು ಕಡಿಮೆ. ಕರ್ನಾಟಕದಲ್ಲಿ ಇದರ ಜೊತೆಗೆ ಖಾತೆಯ ಸಮಸ್ಯೆಯೂ ಸೇರುತ್ತದೆ. ಕಡಿಮೆ ಬೆಲೆಗೆ ಸಿಗುವ ಮನೆ, ನಿವೇಶನಗಳಲ್ಲಿ ಬಹಳಷ್ಟು ಇರುವುದು ಬಿ ಖಾತೆಯಲ್ಲಿ, ರೆವಿನ್ಯೂ ಬಡಾವಣೆಗಳಲ್ಲಿ, ಅಂದರೆ ಅನುಮತಿ, ದಾಖಲೆಗಳು ಪೂರ್ತಿ ಸರಿಯಿಲ್ಲದ ಆಸ್ತಿಗಳಲ್ಲಿ. ಬಹುತೇಕ ಬ್ಯಾಂಕುಗಳು ಅವುಗಳ ಮೇಲೆ ಸಾಲ ಕೊಡಲು ಹಿಂಜರಿಯುತ್ತವೆ. ಸಾಲವಿಲ್ಲದಿದ್ದರೆ ಬಡ್ಡಿ ಸಹಾಯಧನದ ಮಾತೇ ಇಲ್ಲ. ಜನ ಹೆಚ್ಚು ಬಡ್ಡಿಯ ಖಾಸಗಿ ಸಾಲಕ್ಕೆ ಹೋಗುತ್ತಾರೆ.

ಆದಾಯ ತೆರಿಗೆಯ ಮೂಲಕ ಬರುತ್ತಿದ್ದ ನೆರವು ಸದ್ದಿಲ್ಲದೆ ಮುಗಿದಿದೆ. 45 ಲಕ್ಷದೊಳಗಿನ ಮೊದಲ ಮನೆಯ ಸಾಲದ ಬಡ್ಡಿಗೆ 1.50 ಲಕ್ಷದ ಹೆಚ್ಚುವರಿ ವಿನಾಯಿತಿ ಕೊಡುತ್ತಿದ್ದ 80ಇಇಎ ಕಲಂ 2022ರ ಮಾರ್ಚ್ ನಂತರದ ಸಾಲಗಳಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಆದರೆ 12 ಲಕ್ಷದವರೆಗಿನ ಆದಾಯಕ್ಕೆ 2025–26ರಿಂದ ಆ ಪದ್ಧತಿಯಲ್ಲಿ ತೆರಿಗೆಯೂ ಇಲ್ಲವಾದ್ದರಿಂದ 9 ಲಕ್ಷದೊಳಗಿನವರು ಇದರಿಂದ ಕಳೆದುಕೊಂಡದ್ದೇನೂ ಇಲ್ಲ. ಬಾಡಿಗೆ ಮನೆಯವರಿಗೂ ಸ್ವಂತ ಮನೆಯವರಿಗೂ ಸಮಾನ ಲಾಭ. ಇದನ್ನು ನಾನು ತಪ್ಪೆನ್ನಲಾರೆ.

ಇಂಗ್ಲೆಂಡ್ ಕಲಿತದ್ದು

ಹಾಗಾದರೆ ಸರ್ಕಾರ ಮುಂಗಡದ ಹಣವನ್ನೇ ಕೊಟ್ಟುಬಿಡಲಿ ಎನ್ನುವುದು ಸಹಜ ಪ್ರಶ್ನೆ. ಇಂಗ್ಲೆಂಡ್ 2013ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಹತ್ತಿರ ಹತ್ತಿರ ಅದನ್ನೇ ಮಾಡಿತು. ಹೆಲ್ಪ್ ಟು ಬೈ ಯೋಜನೆಯಲ್ಲಿ ಕೊಳ್ಳುವವರು ಶೇ 5 ತಂದರೆ ಸಾಕು, ಮನೆಯ ಬೆಲೆಯ ಶೇ 20ರವರೆಗೆ ಸರ್ಕಾರವೇ ಸಾಲ ಕೊಡುತ್ತಿತ್ತು, ಐದು ವರ್ಷ ಬಡ್ಡಿಯಿಲ್ಲ. ಲಂಡನ್ನಿನಲ್ಲಿ 2016ರಿಂದ ಶೇ 40. ಹೊಸ ಮನೆಗಳಿಗೆ ಮಾತ್ರ ಅನ್ವಯ. ಆದಾಯದ ಮಿತಿ ಇರಲಿಲ್ಲ, ಮನೆಯ ಬೆಲೆ 6 ಲಕ್ಷ ಪೌಂಡ್‌ವರೆಗೆ ಇರಬಹುದಿತ್ತು. ಕೊನೆಯ ಎರಡು ವರ್ಷದಲ್ಲಷ್ಟೇ ಅದನ್ನು ಮೊದಲ ಮನೆಯವರಿಗೆ ಸೀಮಿತಗೊಳಿಸಿದರು. ಸುಮಾರು 3.87 ಲಕ್ಷ ಮನೆಗಳು ಇದರಡಿ ಮಾರಾಟವಾದವು.

ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಯೋಜನೆ ಬಳಸಿದವರಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಜನ ಅದಿಲ್ಲದಿದ್ದರೂ ಮನೆ ಕೊಳ್ಳಬಲ್ಲವರಾಗಿದ್ದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅರ್ಥಶಾಸ್ತ್ರಜ್ಞರು ಗ್ರೇಟರ್ ಲಂಡನ್ನಿನ ಗಡಿಯ ಎರಡೂ ಬದಿಯ ಮನೆಗಳನ್ನು ಹೋಲಿಸಿ ನೋಡಿದಾಗ, ಹೆಚ್ಚು ನೆರವಿದ್ದ ಬದಿಯಲ್ಲಿ ಹೊಸ ಮನೆಗಳ ಬೆಲೆ ಸುಮಾರು ಶೇ 6 ಏರಿತ್ತು, ನಿರ್ಮಾಣವಾದ ಮನೆಗಳ ಸಂಖ್ಯೆ ಮಾತ್ರ ಗಮನಾರ್ಹವಾಗಿ ಏರಿರಲಿಲ್ಲ. ಇದೇ ಕಾಲದಲ್ಲಿ, ಈ ಯೋಜನೆಯ ಮನೆಗಳನ್ನೇ ದೊಡ್ಡ ಪ್ರಮಾಣದಲ್ಲಿ ಮಾರುತ್ತಿದ್ದ ಪರ್ಸಿಮನ್ ಎಂಬ ನಿರ್ಮಾಣ ಕಂಪನಿಯ ಮುಖ್ಯಸ್ಥರ 7.5 ಕೋಟಿ ಪೌಂಡ್ ಬೋನಸ್ ದೊಡ್ಡ ವಿವಾದವಾಯಿತು, 2018ರಲ್ಲಿ ಅವರು ಹುದ್ದೆ ಬಿಡಬೇಕಾಯಿತು. ಜಾಗ ಬಿಗಿಯಾಗಿರುವ ಊರಿನಲ್ಲಿ ಕೊಳ್ಳುವವರ ಕೈಗೆ ಹಣ ಸುರಿದರೆ ಅದು ಜಾಗದ ಒಡೆಯನ ಕೈ ಸೇರುತ್ತದೆ. ನಮ್ಮ 1.80 ಲಕ್ಷದಿಂದ ಬೆಂಗಳೂರಿನ ಬೆಲೆ ಏರುವ ಭಯವಿಲ್ಲ, ಅಷ್ಟು ಶಕ್ತಿ ಅದಕ್ಕಿಲ್ಲ. ಆದರೆ ಅದನ್ನು 8 ಲಕ್ಷಕ್ಕೆ ಏರಿಸಿ ಎಂದು ಬಿಲ್ಡರ್‌ಗಳ ಸಂಘಗಳು ಕೇಳುವ ದಿನ ಈ ಅನುಭವವನ್ನು ನೆನಪಿಸಿಕೊಳ್ಳಬೇಕು.

ಕೊಳ್ಳುವವರ ಪಾಲನ್ನು ಸರ್ಕಾರವೇ ಕಟ್ಟಿದ ಉದಾಹರಣೆ ನಮ್ಮಲ್ಲಿಯೂ ಇದೆ. ಕೊಳೆಗೇರಿ ಅಭಿವೃದ್ಧಿ ಮಂಡಳಿ ಆವಾಸ್ ಯೋಜನೆಯಡಿ ಕಟ್ಟಿಸುತ್ತಿದ್ದ ಮನೆಗಳಿಗೆ ಕೇಂದ್ರದ 1.50 ಲಕ್ಷ ಮತ್ತು ರಾಜ್ಯದ ಸಹಾಯಧನ ಹೋಗಿ ಉಳಿದ ಲಕ್ಷಗಟ್ಟಲೆ ಪಾಲನ್ನು ಫಲಾನುಭವಿಗಳು ತರಬೇಕಿತ್ತು. ತರಲು ಆಗಲಿಲ್ಲ, ಬ್ಯಾಂಕುಗಳೂ ಸಾಲ ಕೊಡಲಿಲ್ಲ, ಮನೆಗಳು ಅರ್ಧಕ್ಕೆ ನಿಂತವು. ಕೊನೆಗೆ ಆ ಪಾಲಿನ ಬಹುಭಾಗವನ್ನು ರಾಜ್ಯ ಸರ್ಕಾರವೇ ಭರಿಸಲು ನಿರ್ಧರಿಸಿ 2024ರ ಮಾರ್ಚ್‌ನಲ್ಲಿ 36,789 ಮನೆಗಳನ್ನು ಹಂಚಿತು. ಕಟ್ಟುವವರು ಸರ್ಕಾರವೇ ಆಗಿದ್ದರಿಂದ ಇಲ್ಲಿ ಬೆಲೆ ಏರಿಸುವ ಮಾರಾಟಗಾರ ಇರಲಿಲ್ಲ. ಮುಂಗಡಕ್ಕೆ ಸಹಾಯ ಮಾಡುವುದು ಕೆಲಸ ಮಾಡುತ್ತದೆ, ಮನೆಯ ಪೂರೈಕೆ ಅದರ ಜೊತೆಗೇ ಇದ್ದಾಗ.

ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಬೆಲೆ ಏರಿಸದೆ ಮೊದಲ ದಿನದ ಹೊರೆ ಇಳಿಸುವ ದಾರಿ ಇದ್ದರೆ ಅದು ತೆರಿಗೆಯನ್ನು ಬಿಡುವುದು, ಅದೂ ಹೊಸ ಮನೆ ಹಳೆಯ ಮನೆ ಎಂಬ ಭೇದವಿಲ್ಲದೆ. ಅದರಲ್ಲಿಯೂ ಸ್ವಲ್ಪ ಪಾಲು ಮಾರುವವರಿಗೆ ಸೋರಬಹುದು. ಆದರೆ ಹೂಡಿಕೆಗಾಗಿ ಕೊಳ್ಳುವವರು ಪೂರ್ತಿ ತೆರಿಗೆ ಕಟ್ಟುತ್ತಿರುವಾಗ ಬಿಲ್ಡರ್ ಎಲ್ಲರಿಗೂ ಬೆಲೆ ಏರಿಸುವುದು ಸುಲಭವಲ್ಲ. 35 ಲಕ್ಷದ ಹಳೆಯ ಮನೆಗೆ ಇಂದು ಮುದ್ರಾಂಕ, ಸೆಸ್, ನೋಂದಣಿ ಸೇರಿ 2,66,000 ರೂಪಾಯಿ ಆಗುತ್ತದೆ. ಮೊದಲ ಮನೆಗೆ ಜೀವನದಲ್ಲಿ ಒಂದು ಸಲ ಇದನ್ನು ಅರ್ಧ ಮಾಡಿದರೂ ಕುಟುಂಬದ ಕೈಯಲ್ಲಿ ಉಳಿಯುವ 1.33 ಲಕ್ಷ, ಐದು ವರ್ಷ ಕಾದು ಪಡೆಯುವ 1.80 ಲಕ್ಷಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಯಾರಿಗೆ ಇದು ಮೊದಲ ಮನೆ ಎಂದು ಪತ್ತೆ ಹಚ್ಚುವುದು ಹೇಗೆ ಎಂಬ ಆಕ್ಷೇಪ ಹತ್ತು ವರ್ಷದ ಹಿಂದೆ ಸರಿಯಿತ್ತು. ಈಗ ನೋಂದಣಿ ನಡೆಯುವುದು ಕಾವೇರಿ 2.0 ತಂತ್ರಾಂಶದಲ್ಲಿ. ನಗರದಲ್ಲಿ ಇ–ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ಕ್ರಯಪತ್ರವಾಗುವುದಿಲ್ಲ, ಇ–ಖಾತೆಗೆ ಮಾಲೀಕರ ಆಧಾರ್ ಜೋಡಣೆಯಾಗುತ್ತಿದೆ. ಗ್ರಾಮದ ಆಸ್ತಿಗಳಿಗೆ ಇ–ಸ್ವತ್ತು ಇದೆ. ದಾಖಲೆಗಳು ಪೂರ್ತಿಯಾಗಿಲ್ಲ, ತಪ್ಪುಗಳೂ ಇವೆ, ಆದರೂ ಸುಳ್ಳು ಪ್ರಮಾಣ ಮಾಡಿದವರಿಂದ ಬಾಕಿ ವಸೂಲು ಮಾಡುವಷ್ಟು ಮಾಹಿತಿ ಸರ್ಕಾರದ ಬಳಿ ಸಂಗ್ರಹವಾಗಿದೆ. ಇಷ್ಟಕ್ಕೆ ದೆಹಲಿಯ ಅನುಮತಿಯೂ ಬೇಕಾಗಿಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಗೆ 2020 ಮತ್ತು 2021ರಲ್ಲಿ ಫ್ಲ್ಯಾಟಿಗಾಗಿ ತಿದ್ದುಪಡಿ ತಂದ ವಿಧಾನಸಭೆಯೇ ಕೊಳ್ಳುವವರಿಗಾಗಿ ಇನ್ನೊಂದನ್ನು ತರಬಹುದು.